ರಿಸಲ್ಟ್ ಬರುವ ಮೊದಲು ವಿಲೇಜ್ ಆಫೀಸಿಗೆ ಹೋಗಿ ಬಾ

ಪ್ರಶ್ನೆ: ನಮಸ್ತೆ ಟೀಚರ್. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲಿ ತುಳು ಮಾತಾಡುತ್ತೇವೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದೆ. ಈಗ ಪ್ಲಸ್ ಟು ಕಾಮರ್ಸ್ ಬರೆದು ರಿಸಲ್ಟ್ ಕಾಯ್ತಾ ಇದ್ದೇನೆ. ರಾತ್ರಿ ನಿದ್ದೆ ಬರುವುದಿಲ್ಲ. ನನಗೆ ಬಿ.ಎ. ಕನ್ನಡ ಇಷ್ಟ, ಮನೆಯವರಿಗೆ ಬಿ.ಕಾಂ. ಆಗಬೇಕು. ಗೆಳತಿಯರು ಮಂಗಳೂರಿಗೆ ಹೋಗುತ್ತಾರೆ. ಇಲ್ಲೇ ಸೇರಿದರೆ ಎಲ್ಲರೂ ಮಲಯಾಳಂ ಮಾತಾಡುತ್ತಾರೆ, ನನಗೆ ಕೇಳಿದರೆ ಅರ್ಥ ಆಗುತ್ತದೆ, ಮಾತಾಡಲು ಹೆದರಿಕೆ. ಅಪ್ಪ ತೋಟದ ಕೆಲಸಕ್ಕೆ ಹೋಗುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾರೆ. ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಅಪ್ಪ ಹೇಳ್ತಾರೆ. ತಮ್ಮ ಪ್ಲಸ್ ವನ್ ಸಯನ್ಸ್, ಅವನಿಗೆ ಇಂಜಿನಿಯರಿಂಗ್ ಆಸೆ. ನಾನು ಈಗ ಏನು ಮಾಡಲಿ?

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ ಮಗಳೇ. "ರಿಸಲ್ಟ್ ಬಂದ ಮೇಲೆ ನೋಡೋಣ" ಎಂಬಲ್ಲಿ ಎರಡು ಸಲವೂ ನಿಂತೆ. ಈ ಮಾತನ್ನು ಪ್ರತಿ ಎಪ್ರಿಲ್, ಮೇ ತಿಂಗಳಲ್ಲಿ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಅಪ್ಪ ಪ್ರೀತಿಯಿಂದಲೇ ಹೇಳಿದ್ದು, ಅದು ನನಗೆ ಗೊತ್ತು. ಆದರೆ ರಿಸಲ್ಟ್ ಬಂದ ಮೇಲೆ ನೋಡುವುದಕ್ಕೆ ಪುರುಸೊತ್ತೇ ಇರುವುದಿಲ್ಲ. ಕಾಲೇಜಿನ ಅರ್ಜಿ, ಫೀಸು, ಅಲಾಟ್‌ಮೆಂಟ್, ಟಿ.ಸಿ. ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ವರ್ಷಗಟ್ಟಲೆ ಅಡ್ಮಿಷನ್ ಹೊತ್ತಿನಲ್ಲಿ ಮಕ್ಕಳ ಪಕ್ಕದಲ್ಲಿ ಕೂತವಳು ನಾನು. ಮಾರ್ಕ್ ಕಮ್ಮಿಯಾಗಿ ಸೀಟು ತಪ್ಪಿದವರನ್ನು ನೋಡಿದ್ದೇನೆ. ಮಾರ್ಕ್ ಇದ್ದೂ ಒಂದು ಕಾಗದ ಸಿಗದೆ ಸೀಟು ಬಿಟ್ಟವರನ್ನು ನೆನೆದರೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ನಿದ್ದೆಯ ವಿಷಯ. ನಿನ್ನ ಪ್ಲಸ್ ವನ್ ಮಾರ್ಕ್‌ಲಿಸ್ಟ್ ತೆಗೆದು ಎದುರು ಇಟ್ಟುಕೋ. ಕೇರಳದ ಹೈಯರ್ ಸೆಕೆಂಡರಿಯಲ್ಲಿ ಒಂದೊಂದು ವಿಷಯಕ್ಕೆ ಎರಡು ವರ್ಷ ಸೇರಿ 200 ಮಾರ್ಕ್, ಆರು ವಿಷಯಕ್ಕೆ 1200. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಪ್ಲಸ್ ವನ್‌ನದ್ದು, ಅದು ಈಗಾಗಲೇ ನಿನ್ನ ಕೈಯಲ್ಲಿದೆ. ಈ ವರ್ಷದ್ದರಲ್ಲೂ ವಿಷಯಕ್ಕೆ 20ರಂತೆ ಸಿ.ಇ. (ನಿರಂತರ ಮೌಲ್ಯಮಾಪನ) ಮಾರ್ಕನ್ನು ಶಾಲೆಯಲ್ಲೇ ಹಾಕಿ ಕಳಿಸಿರುತ್ತಾರೆ. ಒಂದು ಹಾಳೆ ತೆಗೆದುಕೊಂಡು ಈ ವರ್ಷದ ಪರೀಕ್ಷೆಗೆ ವಿಷಯವಾರು ಕಮ್ಮಿಯೆಂದರೆ ಎಷ್ಟು, ಜಾಸ್ತಿಯೆಂದರೆ ಎಷ್ಟು ಬರಬಹುದು ಅಂತ ಬರೆ. ಹಳೆಯದಕ್ಕೆ ಕೂಡಿಸು. ಎರಡು ಮೊತ್ತ ಸಿಗುತ್ತದೆ. ನಿನ್ನ ರಿಸಲ್ಟ್ ಹೆಚ್ಚುಕಮ್ಮಿ ಆ ಎರಡರ ನಡುವೆ ಇರುತ್ತದೆ. ನಾನು ಹೇಳಿ ಹೀಗೆ ಕೂಡಿಸಿದ ಮಕ್ಕಳಲ್ಲಿ ತುಂಬಾ ಜನ "ಇಷ್ಟೇ ಅಲ್ವಾ ಟೀಚರ್" ಅಂತ ಉಸಿರು ಬಿಟ್ಟಿದ್ದಾರೆ. ಗೊತ್ತಿಲ್ಲದ್ದಕ್ಕೆ ಹೆದರಿಕೆ ಜಾಸ್ತಿ. ಅರ್ಧ ಗೊತ್ತಾದರೆ ಹೆದರಿಕೆಯೂ ಅಷ್ಟು ಕಮ್ಮಿ.

ಇನ್ನು ಗಡಿಯ ಎರಡು ಬದಿಯ ಕ್ಯಾಲೆಂಡರ್. ಕರ್ನಾಟಕದ ದ್ವಿತೀಯ ಪಿಯುಸಿ ರಿಸಲ್ಟ್ 2024ರಲ್ಲಿ ಎಪ್ರಿಲ್ 10ಕ್ಕೆ ಬಂತು, 2025ರಲ್ಲಿ ಎಪ್ರಿಲ್ 8ಕ್ಕೆ. ನಮ್ಮ ಪ್ಲಸ್ ಟು ರಿಸಲ್ಟ್ 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 22ಕ್ಕೆ. ಹೆಚ್ಚುಕಮ್ಮಿ ಒಂದರಿಂದ ಒಂದೂವರೆ ತಿಂಗಳ ಅಂತರ. ನೀವಿಲ್ಲಿ ರಿಸಲ್ಟ್ ಕಾಯುತ್ತಿರುವಾಗಲೇ ಮಂಗಳೂರಿನ ಕಾಲೇಜುಗಳಲ್ಲಿ ಸೀಟು ತುಂಬಲು ಶುರುವಾಗಿರುತ್ತದೆ. ನಿನ್ನ ಗೆಳತಿಯರಿಗೆ ಅವಸರ ಅದಕ್ಕೇ. "ಈಗ ಫೀಸು ಕಟ್ಟಿ ಸೀಟು ಹಿಡಿದಿಡಿ, ಮಾರ್ಕ್‌ಲಿಸ್ಟ್ ಆಮೇಲೆ ಕೊಡಿ" ಎನ್ನುವ ಕಾಲೇಜುಗಳೂ ಇವೆ. ಕಟ್ಟುವ ಮೊದಲು ಬಿಟ್ಟರೆ ಎಷ್ಟು ಹಣ ವಾಪಸ್, ಯಾವ ತಾರೀಕಿನವರೆಗೆ ಅಂತ ಕೇಳಿ ಬರಹದಲ್ಲಿ ತೆಗೆದುಕೊಳ್ಳಬೇಕು. ರಶೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಒರಿಜಿನಲ್ ಸರ್ಟಿಫಿಕೇಟುಗಳನ್ನು ಕಾಲೇಜು ಇಟ್ಟುಕೊಳ್ಳಬಾರದು, ಬಿಟ್ಟು ಹೋಗುವ ವಿದ್ಯಾರ್ಥಿಗೆ ಫೀಸು ನಿಯಮದಂತೆ ವಾಪಸ್ ಕೊಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಅದು ನಿನಗೆ ಗೊತ್ತಿದೆ ಅಂತ ಕೌಂಟರಿನಲ್ಲಿ ಕೂತವರಿಗೆ ಗೊತ್ತಾದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಈಗ ಕಾಗದಗಳು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡ.

ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಈ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಡು. ನಾಲ್ಕರಲ್ಲೂ ನಿನ್ನ ಹೆಸರು ಓದು. ಅಕ್ಷರ ಅಕ್ಷರ ಓದು. ನಮ್ಮ ಕಡೆ ಹೆಸರಿನ ತೊಂದರೆ ಜಾಸ್ತಿ. ಶಾಲೆಗೆ ಸೇರಿಸುವಾಗ ಒಂದು ಇನಿಷಿಯಲ್ ಹಾಕಿರುತ್ತಾರೆ. ಆಧಾರ್ ಮಾಡಿಸುವಾಗ ಯಾರೋ ಮನೆ ಹೆಸರನ್ನು ಪೂರ್ತಿ ಬರೆಸಿರುತ್ತಾರೆ. ರೇಷನ್ ಕಾರ್ಡಿನಲ್ಲಿ ಮಲಯಾಳಂ ಬಾಯಿಗೆ ಬಂದಂತೆ ಹೆಸರು ತಿರುಗಿರುತ್ತದೆ. ಒಬ್ಬಳು ಹುಡುಗಿ ಅಡ್ಮಿಷನ್‌ನ ಕೊನೆಯ ದಿನ ಮಧ್ಯಾಹ್ನ ಮೂರೂವರೆಗೆ ಕೌಂಟರ್ ಎದುರು ನಿಂತಿದ್ದಳು. ಒಂದು ಕಾಗದದಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಅಪ್ಪನ ಹೆಸರಿನಲ್ಲಿ ಒಂದರಲ್ಲಿ 'ನಾಯ್ಕ', ಇನ್ನೊಂದರಲ್ಲಿ 'ನಾಯಕ್'. ಇಬ್ಬರೂ ಒಬ್ಬರೇ ಅಂತ ತೋರಿಸುವ ಸರ್ಟಿಫಿಕೇಟ್ ತನ್ನಿ ಅಂದರು. ಆ ಹೊತ್ತಿಗೆ ಎಲ್ಲಿಂದ ತರುವುದು? ಅವಳ ಅಪ್ಪ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು ಕೈಮುಗಿದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ವರ್ಷ ಅವಳಿಗೆ ಆ ಸೀಟು ಸಿಗಲಿಲ್ಲ. ವಿಲೇಜ್ ಆಫೀಸಿನಿಂದ 'ವನ್ ಆಂಡ್ ದ ಸೇಮ್' ಸರ್ಟಿಫಿಕೇಟ್ ತೆಗೆಯಲು ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಕೇಂದ್ರ) ಒಂದು ಅರ್ಜಿ ಹಾಕಿದರೆ ಸಾಕಿತ್ತು. ಒಂದು ತಿಂಗಳು ಮೊದಲು ಯಾರಾದರೂ ಅವಳಿಗೆ ಹೇಳಬೇಕಿತ್ತು. ನಿನಗೆ ಈಗ ನಾನು ಹೇಳುತ್ತಿದ್ದೇನೆ.

ಆದಾಯ ಸರ್ಟಿಫಿಕೇಟ್, ಜಾತಿ ಸರ್ಟಿಫಿಕೇಟ್, ಒಬಿಸಿ ಆಗಿದ್ದರೆ ನಾನ್ ಕ್ರೀಮಿಲೇಯರ್, ಇವೆಲ್ಲವೂ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ಪಡೆಯುವಂಥವು. ಆದಾಯದ್ದಕ್ಕೆ ಅವಧಿ ಇದೆ. ಪ್ಲಸ್ ವನ್‌ಗೆ ಮಾಡಿಸಿದ್ದು ಈಗ ನಡೆಯುವುದಿಲ್ಲ. ರಿಸಲ್ಟ್ ಬಂದ ಮಾರನೇ ದಿನ ಅಕ್ಷಯ ಕೇಂದ್ರದ ಎದುರು ಇರುವ ಸಾಲು ನೀನು ನೋಡಿರಬಹುದು. ಆ ಸಾಲಿನಲ್ಲಿ ನೀನು ಇರಬಾರದು, ಅಷ್ಟೇ ನನ್ನ ಆಸೆ. ಈ ವಾರವೇ ಹೋಗು.

ಅಲ್ಲಿ ಅರ್ಜಿ ಮಲಯಾಳಂನಲ್ಲಿ ಬರೆಯಬೇಕು ಅಂತ ಯಾರಾದರೂ ಹೇಳಿದರೆ ತಲೆ ತಗ್ಗಿಸಿ ವಾಪಸ್ ಬರಬೇಡ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡದವರೂ ತಮಿಳಿನವರೂ ತಮ್ಮ ಭಾಷೆಯಲ್ಲೇ ಸರ್ಕಾರದ ಜೊತೆ ಪತ್ರ ವ್ಯವಹಾರ ಮಾಡಬಹುದು ಅಂತಿದೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಘೋಷಿಸಿದ ಕಡೆ ಸ್ಥಳೀಯ ಕಚೇರಿಗಳಿಗೂ ಅದು ಅನ್ವಯ. ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಜಗಳಕ್ಕಾಗಿ ಇದನ್ನು ಹೇಳುತ್ತಿಲ್ಲ. ಮೆಲ್ಲಗೆ, ಸ್ಪಷ್ಟವಾಗಿ "ನಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ ಸರ್" ಅನ್ನು.

ಕಾಸರಗೋಡೋ ಮಂಗಳೂರೋ, ಅದು ಮುಂದಿನದು. ನನ್ನ ಅಭಿಪ್ರಾಯ ಮುಚ್ಚಿಡದೆ ಹೇಳುತ್ತೇನೆ. ನಿನಗೆ ಕನ್ನಡ ಓದುವ ಮನಸ್ಸು ನಿಜಕ್ಕೂ ಇದ್ದರೆ ಇಲ್ಲೇ ಸೇರು. ವಿದ್ಯಾನಗರದ ಕಾಸರಗೋಡು ಸರ್ಕಾರಿ ಕಾಲೇಜು 1957ರಲ್ಲಿ ಶುರುವಾದದ್ದು. ಈ ಊರು ಕೇರಳಕ್ಕೆ ಸೇರಿ ಆಗ ವರ್ಷ ಆಗಿತ್ತಷ್ಟೆ. ಅಲ್ಲಿ ಕನ್ನಡದಲ್ಲಿ ಬಿ.ಎ., ಎಂ.ಎ. ಎರಡೂ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜು 1980ರಿಂದ ಇದೆ. ಎರಡೂ 1996ರಲ್ಲಿ ಬಂದ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಮನೆಯಿಂದಲೇ ಹೋಗಿ ಬರಬಹುದು, ಸರ್ಕಾರಿ ಕಾಲೇಜಿನ ಫೀಸು ಕಮ್ಮಿ, ಬಸ್ಸಿಗೆ ಕನ್ಸೆಷನ್ ಇದೆ. ನಿನ್ನ ಮನೆಯ ಪರಿಸ್ಥಿತಿಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಮಂಗಳೂರಿನಲ್ಲಿ ಒಳ್ಳೆಯ ಕಾಲೇಜುಗಳಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬದಿಯಡ್ಕದಿಂದ ದಿನಾ ಹೋಗಿ ಬರುವುದೆಂದರೆ ಕುಂಬಳೆಗೆ ಇಳಿದು ಅಲ್ಲಿಂದ ರೈಲೋ ಬಸ್ಸೋ ಹಿಡಿಯಬೇಕು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್. ಜೂನ್, ಜುಲೈ ಮಳೆಯಲ್ಲಿ ಇನ್ನೊಂದು ಪಚೀತಿ. ಕಾಸರಗೋಡು ಕಲೆಕ್ಟರ್ ಶಾಲೆ ಕಾಲೇಜಿಗೆ ರಜೆ ಕೊಟ್ಟಿರುತ್ತಾರೆ, ಮಂಗಳೂರಿನಲ್ಲಿ ಕ್ಲಾಸು ಇರುತ್ತದೆ. ಅಲ್ಲಿ ರಜೆ ಇದ್ದ ದಿನ ಇಲ್ಲಿ ಬಿಸಿಲು. ಓಣಂಗೆ ಮನೆಯವರೆಲ್ಲ ಇರುವಾಗ ನಿನಗೆ ಇಂಟರ್ನಲ್ ಪರೀಕ್ಷೆ ಬರಬಹುದು. ಹಾಸ್ಟೆಲ್ ಸಿಕ್ಕರೆ ಈ ತೊಂದರೆ ಕಮ್ಮಿ, ಖರ್ಚು ಜಾಸ್ತಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಈ ಬದಿಯ ಮಕ್ಕಳು ಪಟ್ಟ ಪಾಡನ್ನೂ ನಾನು ಮರೆತಿಲ್ಲ. ಕೇರಳದ ಬೋರ್ಡ್‌ನಲ್ಲಿ ಕಲಿತು ಕರ್ನಾಟಕದ ವಿಶ್ವವಿದ್ಯಾಲಯಕ್ಕೆ ಹೋಗುವವರು ಮೈಗ್ರೇಷನ್, ಎಲಿಜಿಬಿಲಿಟಿ ಸರ್ಟಿಫಿಕೇಟುಗಳ ವಿಷಯವನ್ನು ಆ ಕಾಲೇಜಿನಲ್ಲೇ ಮೊದಲೇ ಕೇಳಿಟ್ಟುಕೊಳ್ಳಬೇಕು.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಕೇರಳದಲ್ಲಿ 2024ರ ಜುಲೈ 1ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು. ನಾಲ್ಕು ವರ್ಷ ಓದಿ 177 ಕ್ರೆಡಿಟ್ ಮಾಡಿದರೆ ಆನರ್ಸ್. ಕರ್ನಾಟಕ ಅದೇ ವರ್ಷ ನಾಲ್ಕು ವರ್ಷದ ಕ್ರಮ ಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂತು. ನಾಲ್ಕು ವರ್ಷ ಅಂತ ಕೇಳಿ ಅಪ್ಪ ಗಾಬರಿಯಾದರೆ, ಮೂರಕ್ಕೆ ನಿಲ್ಲಿಸಲು ಬಾಗಿಲು ಇದೆ ಅಂತ ಹೇಳು.

ಬಿ.ಎ. ಕನ್ನಡಕ್ಕೆ ಕೆಲಸ ಎಲ್ಲಿದೆ ಅಂತ ಮನೆಯಲ್ಲಿ ಕೇಳುತ್ತಾರೆ ಅಲ್ವಾ? ಕೇಳಬೇಕಾದ ಪ್ರಶ್ನೆಯೇ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮೀಡಿಯಂ ಶಾಲೆಗಳಿವೆ. ಕೇರಳ ಪಿಎಸ್‌ಸಿ ಎಲ್‌ಪಿ, ಯುಪಿ, ಹೈಸ್ಕೂಲ್ ಮಟ್ಟದಲ್ಲಿ ಕನ್ನಡ ಮೀಡಿಯಂ ಟೀಚರ್ ಹುದ್ದೆಗಳಿಗೆ ಬೇರೆಯಾಗಿಯೇ ಅರ್ಜಿ ಕರೆಯುತ್ತದೆ. ಬಿ.ಎ. ಆದ ಮೇಲೆ ಬಿ.ಎಡ್., ಕೆ-ಟೆಟ್ (ಕೇರಳದ ಟೀಚರ್ ಅರ್ಹತಾ ಪರೀಕ್ಷೆ) ಮಾಡಿಕೊಂಡರೆ ಹೈಸ್ಕೂಲ್ ದಾರಿ ತೆರೆಯುತ್ತದೆ. ಕನ್ನಡ ಸರಿಯಾಗಿ ಬಾರದವರನ್ನು ನಮ್ಮ ಮಕ್ಕಳಿಗೆ ಕಲಿಸಲು ಹಾಕಿದರು ಅಂತ ಇಲ್ಲಿ ಪೋಷಕರು, ಮಕ್ಕಳು ರಸ್ತೆಗೆ ಇಳಿದದ್ದು ನಿನಗೂ ಗೊತ್ತು. ಆ ಜಾಗದಲ್ಲಿ ನಿಲ್ಲಬೇಕಾದವಳು ನಿನ್ನಂಥವಳು. ಹುದ್ದೆ ನಾಳೆಯೇ ಸಿಗುತ್ತದೆ ಅಂತ ಆಸೆ ಹುಟ್ಟಿಸುವುದಿಲ್ಲ, ರ‍್ಯಾಂಕ್ ಲಿಸ್ಟ್ ನಿಧಾನ. ಲೆಕ್ಕ, ವ್ಯವಹಾರದಲ್ಲೂ ನಿನಗೆ ಮನಸ್ಸಿದ್ದರೆ ಬಿ.ಕಾಂ. ಕೂಡ ಒಳ್ಳೆಯದೇ. ಹೊಸ ಕ್ರಮದಲ್ಲಿ ಮೇಜರ್ ವಿಷಯದ ಜೊತೆ ಮೈನರ್ ಅಂತ ಬೇರೆ ವಿಷಯ ಆರಿಸಲು ಅವಕಾಶ ಇದೆ. ನೀನು ಸೇರುವ ಕಾಲೇಜಿನಲ್ಲಿ ಯಾವ ಜೋಡಿ ಸಿಗುತ್ತದೆ ಅಂತ ಆ ವಿಭಾಗದಲ್ಲಿ ಹೋಗಿ ಕೇಳು. ಫೋನ್ ಬೇಡ, ಹೋಗಿಯೇ ಕೇಳು. ಕಾಲೇಜಿನ ಅಂಗಳ ಒಮ್ಮೆ ನೋಡಿ ಬಂದರೆ ಹೆದರಿಕೆಯೂ ಸ್ವಲ್ಪ ಇಳಿಯುತ್ತದೆ.

ಕಣ್ಣೂರು ವಿಶ್ವವಿದ್ಯಾಲಯಕ್ಕೆ ಅರ್ಜಿ ಏಕಜಾಲಕದಲ್ಲಿ, ಅಂದರೆ ಹಲವು ಕಾಲೇಜಿಗೆ ಒಂದೇ ಅರ್ಜಿ, ಆನ್‌ಲೈನ್. ಆಪ್ಷನ್ ಕೊಡುವ ಸಾಲು ತುಂಬಾ ಮುಖ್ಯ. ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊದಲು. ಸಿಗಲಿಕ್ಕಿಲ್ಲ ಅಂತ ಅದನ್ನು ಕೆಳಗೆ ಹಾಕಬೇಡ. ಕೆಳಗಿನ ಆಪ್ಷನ್ ಸಿಕ್ಕಿ ಆಮೇಲೆ ಮೇಲಿನದ್ದು ಸಿಕ್ಕಿದರೆ ಕೆಳಗಿನದ್ದು ತಾನಾಗಿ ಹೋಗುತ್ತದೆ. ಬೇಡದ ಕಾಲೇಜನ್ನು ಸುಮ್ನೆ ಸಾಲು ತುಂಬಿಸಲು ಹಾಕಬೇಡ. ಅಲಾಟ್‌ಮೆಂಟ್ ಬಂದ ಮೇಲೆ ಹೇಳಿದ ತಾರೀಕಿನೊಳಗೆ ಫೀಸು ಕಟ್ಟದಿದ್ದರೆ ಮುಂದಿನ ಸುತ್ತಿನಿಂದಲೂ ಹೊರಗೆ. ಅರ್ಜಿಗೆ ಕೊಡುವ ಫೋನ್ ನಂಬರ್ ನಿನ್ನ ಮನೆಯದ್ದೇ ಇರಲಿ. ಅಕ್ಷಯ ಕೇಂದ್ರದವರದ್ದು ಹಾಕಿ, ಮೆಸೇಜ್ ಅವರಿಗೆ ಹೋಗಿ, ಇಲ್ಲಿ ಹುಡುಗ ಕಾಯುತ್ತಾ ಕೂತದ್ದನ್ನು ನೋಡಿದ್ದೇನೆ.

ಮಲಯಾಳಂ ಹೆದರಿಕೆಗೆ ಬರುತ್ತೇನೆ. ಪತ್ರದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀಯ, ಆದರೆ ನಿನ್ನ ನಿದ್ದೆ ಕೆಡಿಸಿದ್ದು ಇದೇ ಅಂತ ನನಗೆ ಅನಿಸುತ್ತದೆ. ಕೇಳಿದರೆ ಅರ್ಥವಾಗುತ್ತದೆ ಅಂದೆ. ಹಾಗಾದರೆ ಮುಕ್ಕಾಲು ಭಾಗ ಕಲಿತಾಗಿದೆ. ಉಳಿದದ್ದು ಬಾಯಿ ಬಿಡುವುದು. ಹಾಲು ಅವರಿಗೆ ಪಾಲ್, ಹೂ ಅವರಿಗೆ ಪೂವ್, ಹತ್ತು ಅವರಿಗೆ ಪತ್ತ್. ಹಳಗನ್ನಡದಲ್ಲೂ ಪಾಲ್, ಪೂ, ಪತ್ತು ಅಂತಲೇ ಇತ್ತು. ನಮ್ಮ ಪಕಾರ ಹಕಾರ ಆಯಿತು, ಅವರಲ್ಲಿ ಹಾಗೇ ಉಳಿಯಿತು. ನಮ್ಮ ಬಕಾರ ಇರುವ ಕಡೆ ಅವರಿಗೆ ವಕಾರ: ಬಾ ಅಂದರೆ ವಾ, ಬೇರು ಅಂದರೆ ವೇರ್. ನಿನ್ನ ಮನೆಯ ತುಳುವಿನಲ್ಲೂ ಹಾಲು ಪೇರ್, ಹೂ ಪೂ, ಹತ್ತು ಪತ್ತ್ ಅಲ್ವಾ? ಬಿ.ಎ. ಕನ್ನಡಕ್ಕೆ ಸೇರಿದರೆ ಮೊದಲ ವರ್ಷವೇ ಹಳಗನ್ನಡ ಕೈಗೆ ಬರುತ್ತದೆ. ತುಳು, ಮಲಯಾಳಂ ಕಿವಿಯಲ್ಲಿ ಇಟ್ಟುಕೊಂಡು ಬೆಳೆದ ನಮ್ಮ ಮಕ್ಕಳಿಗೆ ಅದು ಬೆಂಗಳೂರಿನ ಮಕ್ಕಳಿಗಿಂತ ಬೇಗ ಒಲಿಯುವುದನ್ನು ಕಣ್ಣಾರೆ ಕಂಡಿದ್ದೇನೆ.

ಅಕ್ಷರವನ್ನೂ ಕಲಿ. ತುಳು ಲಿಪಿಯೂ ಮಲಯಾಳಂ ಲಿಪಿಯೂ ಗ್ರಂಥ ಲಿಪಿಯಿಂದ ಬಂದ ಅಕ್ಕತಂಗಿಯರು. ದಿನಕ್ಕೆ ಐದು ಅಕ್ಷರ ಸಾಕು. ಬಸ್ಸಿನ ಬೋರ್ಡ್ ಒಳ್ಳೆಯ ಪಾಠಪುಸ್ತಕ, ಅದರಲ್ಲಿ ಊರಿನ ಹೆಸರು ನಿನಗೆ ಮೊದಲೇ ಗೊತ್ತಿರುತ್ತದೆ. ಬಸ್ಸು ಹತ್ತಿರ ಬರುವುದರೊಳಗೆ ಓದಿ ಮುಗಿಸಬೇಕು ಅಂತ ಆಟ ಕಟ್ಟಿಕೋ. ಮಲಯಾಳಂ ಕಲಿತರೆ ಕನ್ನಡ ಕಮ್ಮಿಯಾಗುತ್ತದೆ ಎನ್ನುವವರು ನಮ್ಮಲ್ಲಿ ಇದ್ದಾರೆ, ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಕ್ಲಾಸಿನಲ್ಲಿ ಒಂದು ಡೌಟ್ ಕೇಳಲಾಗದೆ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂರುವುದು ಕನ್ನಡಕ್ಕೂ ಒಳ್ಳೆಯದಲ್ಲ. ಮಲಯಾಳಂನಲ್ಲಿ ತಪ್ಪುತಪ್ಪಾಗಿ ಕೇಳು. ಆ ತಪ್ಪಿಗೆ ನಗುವವರು ಮೊದಲ ತಿಂಗಳು ಇರುತ್ತಾರೆ, ಆಮೇಲೆ ಅವರೇ ನೋಟ್ಸ್ ಕೇಳಿಕೊಂಡು ಬರುತ್ತಾರೆ.

ಮಾರ್ಕ್ ನಿರೀಕ್ಷೆಗಿಂತ ಕಮ್ಮಿ ಬಂದರೆ ಏನು ಅಂತ ಈಗಲೇ ತಿಳಿದಿರು. ಪಾಸಾಗಲು ಶೇಕಡ 30, ಅಂದರೆ ಡಿ ಪ್ಲಸ್. ಒಂದರಲ್ಲಿ ಹೋದರೂ ವರ್ಷ ಹೋಗುವುದಿಲ್ಲ, ಅದಕ್ಕೇ 'ಸೇ' (ಸೇವ್ ಎ ಇಯರ್) ಪರೀಕ್ಷೆ ಇರುವುದು. ಪಾಸಾದ ರೆಗ್ಯುಲರ್ ಮಕ್ಕಳು ಅದೇ ಹೊತ್ತಿನಲ್ಲಿ ಒಂದು ವಿಷಯಕ್ಕೆ ಇಂಪ್ರೂವ್‌ಮೆಂಟ್ ಬರೆಯಬಹುದು. ಮರುಮೌಲ್ಯಮಾಪನಕ್ಕೂ ಉತ್ತರ ಪತ್ರಿಕೆಯ ಫೋಟೋಕಾಪಿಗೂ ಅರ್ಜಿ ಹಾಕಬಹುದು. ಎಲ್ಲದಕ್ಕೂ ರಿಸಲ್ಟ್ ಬಂದ ಮೇಲೆ ಕೆಲವೇ ದಿನ ಕೊಡುತ್ತಾರೆ. ಅತ್ತು ಮುಗಿಸಿ ಮೂರನೇ ದಿನಕ್ಕೆ ಶಾಲೆಗೆ ಹೋಗು, ಅದಕ್ಕಿಂತ ತಡ ಬೇಡ.

ತಮ್ಮನಿಗೆ ಇದನ್ನು ಓದಿ ಹೇಳು. ಕರ್ನಾಟಕದ ಸಿಇಟಿಯಲ್ಲಿ (ಇಂಜಿನಿಯರಿಂಗ್ ಸೀಟಿನ ಪ್ರವೇಶ ಪರೀಕ್ಷೆ) ನಮಗೂ ಬಾಗಿಲು ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ, ಆ ಕಡೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ, ಕನ್ನಡ, ತುಳು ಅಥವಾ ಕೊಡವ ಮನೆಮಾತಿನ ಮಕ್ಕಳು ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಕನ್ನಡ ಪರೀಕ್ಷೆ ಪಾಸಾಗಬೇಕು, 50ಕ್ಕೆ 12 ಬಂದರೆ ಸಾಕು. ಚಂದ್ರಗಿರಿ ಹೊಳೆಯಿಂದ ಉತ್ತರದ ಊರುಗಳು ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ನಮ್ಮ ಹಿರಿಯರ ಆ ಹೋರಾಟದ ನೆನಪು ಇಂಥ ನಿಯಮಗಳಲ್ಲಿ ಸ್ವಲ್ಪ ಉಳಿದಿದೆ. ಮುಖ್ಯ ವಿಷಯ, ಸಿಇಟಿ ಅರ್ಜಿ ಪ್ಲಸ್ ಟು ಪರೀಕ್ಷೆಗೂ ಮೊದಲೇ, ಜನವರಿ, ಫೆಬ್ರವರಿ ಹೊತ್ತಿಗೆ ಬರುತ್ತದೆ. ರಿಸಲ್ಟ್ ಬಂದ ಮೇಲೆ ಕೇಳಿಕೊಂಡು ಬಂದವರಿಗೆ ನಾನು ಏನೂ ಮಾಡಿಕೊಡಲು ಆಗಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಪುಟದ ಮೇಲೆ ಈಗಲೇ ಬರೆದಿಡಲಿ.

ಹಣದ ವಿಷಯ ಕೊನೆಗೆ ಉಳಿಸಿಕೊಂಡೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸ್ಕಾಲರ್‌ಶಿಪ್ ಇದೆ, ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು. ಅದಕ್ಕೆ ಅಮ್ಮನ ಬೀಡಿ ಗುರುತಿನ ಚೀಟಿ ಬೇಕು. ಮಾರ್ಕ್ ಚೆನ್ನಾಗಿ ಬಂದರೆ ಅದೇ ಪೋರ್ಟಲ್‌ನಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಇದೆ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಬೋರ್ಡ್‌ನಲ್ಲಿ ಮೇಲಿನ ಶೇಕಡ 20ರೊಳಗೆ ಬಂದವರು ಅರ್ಜಿ ಹಾಕಬಹುದು. ಆಯ್ಕೆಯಾದರೆ ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಒಂದೇ ವರ್ಷದಲ್ಲಿ ಎರಡೂ ಸಿಗಲಿಕ್ಕಿಲ್ಲ, ಯಾವುದು ಅನುಕೂಲ ಅಂತ ಮಾರ್ಕ್ ನೋಡಿ ತೀರ್ಮಾನಿಸೋಣ. ಹಣ ನಿನ್ನ ಹೆಸರಿನ, ಆಧಾರ್ ಜೋಡಿಸಿದ ಖಾತೆಗೇ ಬರಬೇಕು.

ಅಮ್ಮನ ಚೀಟಿ ಎಲ್ಲಿದೆ ಅಂತ ಇವತ್ತೇ ಕೇಳು. ಹೆಚ್ಚಿನ ಮನೆಗಳಲ್ಲಿ ಅದು ಕಪಾಟಿನಲ್ಲಿ ಸೀರೆಯ ಅಡಿಯಲ್ಲಿ ಇರುತ್ತದೆ, ಫೋಟೋ ಮಾಸಿ, ಹೆಸರು ಅರ್ಧ ಅಳಿಸಿ. ಹಾಗಿದ್ದರೆ ಸರಿ ಮಾಡಿಸಲು ಬೇರೆ ಸಮಯ ಬೇಕು. ಚಾಪೆಯ ಮೇಲೆ ಇಟ್ಟ ಆ ನಾಲ್ಕು ಕಾಗದಗಳ ಪಕ್ಕದಲ್ಲಿ ಅದನ್ನೂ ಇಡು. ಹೆಸರು ಎಲ್ಲಾದರೂ ತಾಳೆಯಾಗದಿದ್ದರೆ ನನಗೆ ಬರೆ.